ಕರಿಮದ್ದು, ಬಿಸಿನೀರು

ಕೋವಿ ಅಂಗಡಿಯ ಮೇಜಿನೆದುರು ಅಪ್ಪ, ಮಗಳು ನಿಂತಿದ್ದರು. ಅವರ ಹಿಂದೆ, ತನ್ನ ಬಂದೂಕಿನ ಹರಿದ ಪಟ್ಟಿ ಬದಲಿಸಲು ಬಂದ ಬ್ಯಾಂಕಿನ ಕಾವಲುಗಾರ. ಬೇರೆಯವರ ಮಾತಿಗೆ ಕಿವಿ ಕೊಡುವ ಜಾಯಮಾನ ಅವನದಲ್ಲ. ಆದರೆ ಅಂಗಡಿಯೇ ಅಷ್ಟು ಚಿಕ್ಕದು.

“ಕೋವಿಗೆ ಈ ಸಲ ಕರಿಮದ್ದು ಬೇಡ. ಮಸಿ ಕಮ್ಮಿ ಕಟ್ಟೋ ಆ ಹೊಸ ಪುಡಿ ಕೊಡಿ,” ಎಂದರು ಅಪ್ಪ.

ಅಂಗಡಿಯವನು ಡಬ್ಬಿ ತೆಗೆಯಲಿಲ್ಲ. “ನಿಮ್ಮದು ಚಕಮಕಿ ಕಲ್ಲಿನ ಕೋವಿ, ಯಜಮಾನ್ರೇ. ಆ ಕಿಡಿಗೆ ಇದು ಸುಲಭಕ್ಕೆ ಹೊತ್ಕೊಳ್ಳಲ್ಲ. ಗೊತ್ತಿದ್ದೂ ಕೇಳ್ತೀರಲ್ಲ?”

“ಹೊತ್ಕೊಳ್ಳದಿದ್ರೆ ಬಿಡಿ. ಕೋವಿ ತೊಳೆಯೋದಾದ್ರೂ ತಪ್ಪುತ್ತೆ.”

“ತೊಳೆಯೋಕೆ ನಿಮಗೆ ಯಾವತ್ತಪ್ಪಾ ಬೇಜಾರಾಗಿತ್ತು?” ಮಗಳು ಕೇಳಿದಳು.

“ನಳಿಗೆಯೊಳಗೆ ಕೋಲು ಆಡಿಸೋನು ನಾನು, ಕುದಿಯೋ ನೀರು ಹೊಯ್ಯೋಳು ನಿಮ್ಮಮ್ಮ. ಒಬ್ಬನ ಕೈಲಿ ಆಗೋ ಕೆಲಸ ಅಲ್ಲಮ್ಮ ಅದು.”

ಅಂಗಡಿಯವನು ತಲೆ ತಗ್ಗಿಸಿ, ಒರೆಸಿದ್ದ ತಕ್ಕಡಿಯನ್ನೇ ಮತ್ತೆ ಒರೆಸತೊಡಗಿದ.

“ಅಮ್ಮ ಬೈಕೊಂಡೇ ಹೊಯ್ತಿದ್ಲು,” ಎಂದಳು ಮಗಳು.

“ಹೂಂ. ಮನೆಯೆಲ್ಲ ಕೊಳೆತ ಮೊಟ್ಟೆ ವಾಸನೆ ಅಂತ. ಆದ್ರೂ ನನ್ನ ಕೈಮೇಲೆ ಒಂದು ಹನಿ ಬೀಳಿಸಿದೋಳಲ್ಲ.”

ಮಗಳು ಅಪ್ಪನ ಕೈ ನೋಡಿದಳು.

“ನನ್ನ ಕೈ ಅಷ್ಟು ನಿಧಾನ ಇಲ್ಲಪ್ಪಾ. ನಾಲ್ಕು ಹನಿ ಬಿದ್ದೇ ಬೀಳುತ್ತೆ. ತಡ್ಕೊಳ್ತೀರಾ?”

ಅಪ್ಪ ಕರಿಮದ್ದಿನ ಡಬ್ಬಿಯತ್ತ ಬೆರಳು ತೋರಿಸಿದರು.

ಅವರು ಹೊರಟಾಗ ಕಾವಲುಗಾರ ಬಾಗಿಲು ಹಿಡಿದುಕೊಂಡು ನಿಂತ. ಮೆಟ್ಟಿಲು ಇಳಿಯುತ್ತ ಅಪ್ಪ ಮಗಳಿಗೆ ಹೇಳುತ್ತಿದ್ದರು:

“ಹೊಯ್ಯೋವಾಗ ಬೈಯೋದು ಮಾತ್ರ ಮರೀಬೇಡ.”