ತುಳಸಾಬಾಯಿ ಕಂಡ ಚಿತ್ರದ ಅರಮನಿ

ಇಲ್ಲ ಯಮುನಕ್ಕಾ, ಚಂದ ಇತ್ತು ಅಂತ ಸುಳ್ಳ ಹೆಂಗ ಹೇಳ್ಲಿ? ನನಗ ಹೇಸಿಗಿ ಬಂತು... ಖರೇನ. ಯಾಕ ನಗತೀ? ಎಂಟು ತಿಂಗಳು ಆ ವಿಯೆನ್ನಾದಾಗ ಡಾಕ್ಟರ್ ದತ್ತಾತ್ರಿಯವರ ಮನಿಯೊಳಗ ಅಡಗಿ ಮಾಡಕೋತ ನಿಂತಾಕಿ. ಊರು ನೋಡಿದ್ದು ಅದೊಂದ ದಿನ. ಅವರ ಹೆಂಡತಿ ತಾರಾಬಾಯಿ, ರಾಜರು ಕೂಡಿಸಿಟ್ಟ ಚಿತ್ರ ಅವ, ನೀವೂ ಬರ್ರಿ ಅಂದ್ರು. ತಮ್ಮ ಕೋಟು ನನಗ ತೊಡಿಸಿದ್ರು.

ಹೊರಗ ನೋಡಿದ್ರ ನಮ್ಮ ವೀರನಾರಾಯಣನ ಗುಡಿಯಂಥಾವು ನಾಲ್ಕು ಹಿಡೀಬೇಕು, ಅಂಥಾ ಅರಮನಿ. ಒಳಗ? ಹೊಟ್ಟಿ ಸೀಳಿದ ಎತ್ತು, ತಲಿಕೆಳಗ ಮಾಡಿ ತೂಗಹಾಕ್ಯಾರ... ಚಿತ್ರನ, ಆದ್ರ ರಕ್ತ ಇನ್ನೂ ಹಸೀದ ಇದ್ದಂಗ. ಸತ್ತ ಮೊಲ, ಮೀನು, ಬಾಜೂಕ ಒಂದು ನಿಂಬಿಹಣ್ಣು. ಇಂಥಾ ಹೊಲಸಿಗೆ ಬಂಗಾರದ ಚೌಕಟ್ಟು. ಮತ್ತೊಂದು ಚಿತ್ರದಾಗ ಒಬ್ಬಾಕಿ ತಾಟಿನ್ಯಾಗ ಗಂಡಸಿನ ಕಡದ ತಲಿ ಇಟಗೊಂಡು ನಿಂತಾಳ, ನಾವು ಹೋಳಿಗಿ ಬಡಸಲಿಕ್ಕೆ ನಿಂತಂಗ. ನಾ ಸೆರಗು ಮೂಗಿಗೆ ಹಿಡಕೊಂಡೆ. ಚಿತ್ರಕ್ಕೆಲ್ಲಿ ವಾಸನಿ ಅಂತೀ? ಇಲ್ಲ ಖರೆ. ನನಗ ಬಂತು.

ಎಲ್ಲಾಕ್ಕಿಂತ ಹೇಸಿಗಿ ಅಂದ್ರ ಕಡೀ ಖೋಲಿಯೊಳಗಿಂದು. ಒಬ್ಬಾಕಿ ಮುದುಕಿ ಸತ್ತು ಮಲಗ್ಯಾಳ. ಕಾಲು ಸೆಟದಾವ, ತುಟಿ ಕರ್ರಗಾಗೇದ. ಸುತ್ತಲೂ ಮನಿ ಮಂದಿ ಕುಂತು ಅಳಲಿಕ್ಕೆ ಹತ್ಯಾರ. ಅದರ ಮುಂದ ನೋಡಲಿಕ್ಕೆ ಬಂದ ಜನ ಚಾಕಲೇಟು ತಿನಕೋತ, ಕೈ ಮಾಡಿ ತೋರಿಸಿಕೋತ... ಹೆಣದ ಮುಂದ ಬಾಯಿ ಆಡಸ್ತಾರ ಅಕ್ಕಾ. ತಾರಾಬಾಯಿ ನನಗೂ ಒಂದು ತುಂಡು ಕೊಟ್ರು. ತಿಂದೆ. ಸಂಜಿಗೆ ಮನಿಗೆ ಬಂದು ನೋಡಿದ್ರ ನೀವು ಕಳಸಿದ ತಾರು ಬಂದು ಬಿದ್ದಿತ್ತು, ಅವ್ವ ಹೋದಳು ಅಂತ.

ಆವಾಗ ಅತ್ತೇನು ಅಂತೀ? ಅಳು ಅಲ್ಲೇ ಬಂದಿತ್ತು, ಆ ಚಿತ್ರದ ಮುಂದ. ಲಕ್ಷ್ಮೇಶ್ವರದಾಗ ಈಗ ನೀವೆಲ್ಲಾರೂ ಅವ್ವನ ಸುತ್ತ ಹಿಂಗ ಕುಂತಿರ್ತೀರಿ ಅನಿಸಿ...

ಯಾಕ, ಅಕ್ಕಿ ಆರಿಸೋದು ಬಿಟ್ಟಿ?

ಯಮುನಕ್ಕಾ. ಹಂಗ ನೋಡಬ್ಯಾಡ. ಬೈದರ ಬೈ.

ತಾರು ಮುಂಜಾನೆನ ಬಂದಿತ್ತು. ಟಪಾಲಿನವನ ಕಡಿಂದ ನಾನ ಇಸಗೊಂಡೆ. ಇಂಗ್ಲಿಷಿನ್ಯಾಗ ಎರಡ ಶಬ್ದ. ಅಷ್ಟು ಓದಲಿಕ್ಕೆ ಬರತದ ನನಗ. ಹೇಳಿದ್ದರ ಸೂತಕ ಅಂತ ಮೂಲ್ಯಾಗ ಕೂಡಸ್ತಿದ್ರು. ತಾರಾಬಾಯಿ ಕೋಟು ಹಿಡಕೊಂಡು ನಿಂತಿದ್ರು, ಅಕ್ಕಾ. ನಲವತ್ತಾರು ವರ್ಷದಾಗ ನನ್ನ ಯಾರರ ಏನರ ನೋಡಲಿಕ್ಕೆ ಅಂತ ಕರಕೊಂಡು ಹೋಗಿದ್ದರೇನು?

ತಾರು ಕುಪ್ಪಸದಾಗ ತುರುಕಿದೆ. ಆತು, ಹೋಗೋಣು ನಡೀರಿ ಅಂದೆ.