ಎಲೆ ಬಿಟ್ಟು ಏಳಬಾರದು

…ಏಳಬೇಡ, ಏಳಬೇಡ ಪರ್ವತಯ್ಯ. ಎಲೆ ಮುಂದೆ ಕೂತವನು ಅರ್ಧಕ್ಕೆ ಏಳೋದುಂಟೆ? ಮೊದಲ ತುತ್ತು ಬಾಯಿಗಿಟ್ಟೂ ಆಯಿತು. ಇನ್ನು ಕೈ ತೊಳೆಯೋವರೆಗೆ ನೀನು ಏಳೋ ಹಾಗಿಲ್ಲ, ಮಾತಾಡೋ ಹಾಗೂ ಇಲ್ಲ. ನನಗೆ ಗೊತ್ತಪ್ಪ. ನಿಮ್ಮಮ್ಮ ಇಂದ್ರಮ್ಮ ಕಾಗದದಲ್ಲಿ ಬರೆದಿದ್ದಳು, ನನ್ನ ಮಗನಿಗೆ ಅವರ ತಾತನ ಅಭ್ಯಾಸ ಬಂದಿದೆ, ಊಟಕ್ಕೆ ಕೂತರೆ ಮೌನ, ಕೈ ತೊಳೆದ ಮೇಲೇ ಮಾತು ಅಂತ. ಅದನ್ನ ಓದಿ ನನಗೆಷ್ಟು ಸಂತೋಷ ಆಯಿತು ಅಂದರೆ… ಯಾಕೆ ಹಾಗೆ ನೋಡ್ತೀಯ? ಒಳ್ಳೆ ಅಭ್ಯಾಸ ಅಂತ ಸಂತೋಷ. ಮತ್ತೇನಕ್ಕೆ?

ನೀನು ಅಂತ ಕರೀತಿದ್ದೀನಿ, ಬೇಜಾರಿಲ್ಲ ತಾನೆ? ಮಧುಗಿರಿ ಕಚೇರಿಯಲ್ಲಿ ನೀವು ರೇಂಜರ್ ಸಾಹೇಬರು. ನನ್ನ ಮನೆ ಎಲೆ ಮುಂದೆ ನೀನು ಇಂದ್ರಮ್ಮನ ಮಗ. ಮೈಸೂರಿನಲ್ಲಿ ಕಾಲೇಜು ಓದುವಾಗ ನಿಮ್ಮಮ್ಮ, ನಾನು ಒಂದೇ ಕೋಣೆ. ಈ ಸೀಮೆಯಲ್ಲಿ ಬಿ.ಎ. ಮಾಡಿದ ಮೊದಲ ಹೆಂಗಸು ಶಿವರುದ್ರಮ್ಮ ಅಂತ ಯಾರನ್ನ ಕೇಳಿದರೂ ಹೇಳ್ತಾರೆ. ಅವರು ಹೇಳದಿದ್ದರೆ ನಾನೇ ಹೇಳ್ತೀನಿ. ನಗು, ನಗು. ಮೌನಕ್ಕೆ ನಗು ಅಡ್ಡಿಯಿಲ್ಲ.

ಹೊರಗೆ ನಮ್ಮ ಯಜಮಾನರ ಹೆಸರಿನ ಹಲಗೆ ನೋಡ್ತಾ ನಿಂತೇಬಿಟ್ಟಿದ್ದೆಯಲ್ಲ? ನಾಗಲಿಂಗಯ್ಯ. ತೀರಿಕೊಂಡು ಏಳು ವರ್ಷ ಆಯಿತು, ಹಲಗೆ ಮಾತ್ರ ಹಾಗೇ ಇರಲಿ ಅಂತ ಬಿಟ್ಟಿದ್ದೀನಿ. ಇನ್ನೊಂದು ಹೋಳಿಗೆ ಹಾಕಲೆ? ಕೈ ಅಡ್ಡ ಮಾಡಬೇಡ, ಕೈ ಮೇಲೇ ತುಪ್ಪ ಬೀಳುತ್ತೆ. ಹಾಂ, ಹಾಗೆ. ಪ್ರಸಾದ ಎಲೆಯಲ್ಲಿ ಬಿಟ್ಟು ಏಳೋ ಜನ ಅಲ್ಲ ನಾವು. ಬಡಿಸಿದ್ದನ್ನೆಲ್ಲ ಉಣ್ಣಲೇಬೇಕು. ಅದಕ್ಕೇ ನಾನೂ ಒಂದೊಂದಾಗಿ, ನಿಧಾನವಾಗಿ ಬಡಿಸ್ತಿದ್ದೀನಿ.

ಗೊತ್ತು, ಗೊತ್ತು, ನಿನಗೆ ಅವಸರ. ಕರಡಿಗುಡ್ಡ ಹತ್ತಬೇಕು, ಗವಿಗೆ ಬೀಗಮುದ್ರೆ ಹಾಕಬೇಕು. ಹತ್ತು, ಯಾರು ಬೇಡ ಅಂದರು? ಉಂಡು ಹತ್ತು. ಗುಡ್ಡ ಎಲ್ಲಿಗೂ ಓಡಿಹೋಗಲ್ಲ. ಗವಿಯೂ ಓಡಿಹೋಗಲ್ಲ. ಗವಿಯೊಳಗಿರೋ ಎಲೆ… ಅದೂನೂ, ಎಲ್ಲಿಗೆ ಹೋಗುತ್ತೆ ಪಾಪ.

ಆ ಎಲೆ ಯಾರದು ಅಂತ ನಿನಗೆ ಗೊತ್ತಿರಲಿ. ಬೇಸಿಗೆಯೆಲ್ಲ ಮುದ್ದಕ್ಕ, ಆಂಜಿನಮ್ಮ, ಈ ಊರಿನ ಹೆಂಗಸರೆಲ್ಲ ಬಿಸಿಲಲ್ಲಿ ಬೆಂದು ಕೊಯ್ದ ಮುತ್ತುಗದೆಲೆ. ಗವಿಯ ನೆರಳಲ್ಲಿ ಒಣಗಲಿ ಅಂತ ಪೇರಿಸಿಟ್ಟರು. ಮಳೆಗಾಲದಲ್ಲಿ ಮನೆಯೊಳಗೆ ಕೂತು ಊಟದೆಲೆ ಹಚ್ಚುತ್ತಾರೆ. ಸಿದ್ದರಬೆಟ್ಟಕ್ಕೆ ಬರೋ ಯಾತ್ರಿಕರು, ಕೊಡಿಗೇನಹಳ್ಳಿಯ ಮದುವೆ ಮನೆಯವರು, ಎಲ್ಲಾ ಉಣ್ಣೋದು ಇವರು ಹಚ್ಚಿದ ಎಲೆಯ ಮೇಲೆ. ಈಗ ನಿನ್ನ ಮುಂದೆ ಇದೆಯಲ್ಲ, ಇದೂ ಮುದ್ದಕ್ಕನ ಕೈಯದೇ. ನೋಡು, ಸಾರು ಹಾಕಿದರೂ ಒಂದು ತೊಟ್ಟು ಸೋರಿಲ್ಲ. ಅವಳಿಗೆ ವರ್ಷದ ರಾಗಿ ಇದರಿಂದಲೇ. ಹೊಲ ಇಲ್ಲ, ಗಂಡ ಇಲ್ಲ, ಇರೋದು ಈ ಎಲೆ, ಎಲೆ ಚುಚ್ಚೋ ಕಡ್ಡಿ.

ಈಗ ನಿಮ್ಮ ಆರ್ಡರು. ಈ ತಿಂಗಳ ಒಂದನೇ ತಾರೀಖಿನಿಂದ ಗುಡ್ಡದ ಎಲೆ, ಜೇನು, ಬೇರು ಎಲ್ಲಾ ಗುತ್ತಿಗೆದಾರನಿಗೆ. ಒಂದನೇ ತಾರೀಖು ಕಳೆದು ಎಷ್ಟೋ ದಿನ ಆಯಿತು, ತಮಟೆ ಹೊಡೆದು ಊರಿಗೆ ಸಾರಿದ್ದು ನಿನ್ನೆ! ಮನೆಗೆ ಬಂದದ್ದು ಮನೆಯವರದು, ಗುಡ್ಡದ ಮೇಲೆ ಉಳಿದದ್ದು ಗುತ್ತಿಗೆದಾರನದು. ಸರಿ ತಾನೆ? ಆರ್ಡರನ್ನ ನಾನೇ ಓದಿದೆ, ಎರಡು ಸಲ. ಅಂದರೆ ಮುದ್ದಕ್ಕ ತಾನೇ ಕೊಯ್ದ ಎಲೆಯನ್ನ ತಾನೇ ದುಡ್ಡು ಕೊಟ್ಟು ತಗೋಬೇಕು. ತಲೆ ಆಡಿಸಿದೆಯಾ? ಇಲ್ಲ? ನೊಣ ಓಡಿಸಿದ್ದಾ? ಸರಿ.

ಮಾಕಳಿಬೇರಿನ ಉಪ್ಪಿನಕಾಯಿ ನೆಂಚಿಕೋ. ಈಗ ನೀನು ಚೀಪ್ತಿರೋದೂ ಗುತ್ತಿಗೆದಾರನ ಬೇರೇ. ಹೆದರಬೇಡ, ಉಗುಳಬೇಡ, ಇದು ಹೋದ ವರ್ಷದ್ದು. ಆಗಿನ್ನೂ ಗುಡ್ಡ ನಮಗೆ ನೆಂಟ.

ನಿಮ್ಮ ಕಾಗದದಲ್ಲಿ ಇದಕ್ಕೆಲ್ಲ ಒಂದು ಹೆಸರಿದೆ ನೋಡು, ಕಿರು ಉತ್ಪನ್ನ. ಮರ ದೊಡ್ಡದು, ಎಲೆ ಕಿರಿದು. ಯಾರಪ್ಪ ಈ ಲೆಕ್ಕ ಹಾಕಿದ್ದು? ಅವರು ಮರದ ದಿಮ್ಮಿ ಮೇಲೆ ಅನ್ನ ಬಡಿಸಿಕೊಂಡು ಉಣ್ತಾರೇನು?

ಹಿಂದೆ ಈ ಗುಡ್ಡವನ್ನ ಸರ್ಕಾರಿ ಕಾಡು ಮಾಡುವಾಗಲೂ ಹೀಗೇ. ಒಬ್ಬ ಇಂಗ್ಲಿಷ್ ದೊರೆ ಬಂದು ಹುಣಸೆಮರದ ಕೆಳಗೆ ಮೇಜು ಹಾಕಿಸಿಕೊಂಡು ಕೂತ. ಗುಡ್ಡದಿಂದ ನಿಮಗೇನೇನು ಪ್ರಯೋಜನ, ಒಬ್ಬೊಬ್ಬರಾಗಿ ಹೇಳಿ ಅಂದ. ಅವನಿಗೆ ಕನ್ನಡ ಬಾರದು, ಪಕ್ಕದಲ್ಲಿ ಕೂತು ಇಂಗ್ಲಿಷಿನಲ್ಲಿ ಹೇಳೋ ಕೆಲಸ ನನ್ನದು. ಸೌದೆ ಅಂದರು, ಬರೆದ. ಮೇವು ಅಂದರು, ಬರೆದ. ಮೂಡಲಗಿರಿಯಪ್ಪ ಎದ್ದು, ಸಂಜೆ ಗುಡ್ಡದ ನೆರಳು ನನ್ನ ಹೊಲದ ಮೇಲೆ ಬೀಳ್ತದೆ, ಆ ನೆರಳು ನಂದು ಅಂದ. ದೊರೆ ಲೇಖನಿ ಎತ್ತಿ ನನ್ನ ಮುಖ ನೋಡಿದ. ಆಮೇಲೆ ಎದ್ದಳಪ್ಪ ನಮ್ಮ ಆಂಜಿನಮ್ಮ. "ಸ್ವಾಮಿ, ನಮ್ಮತ್ತೆಯ ಬಾಯ್ತುಂಬ ಬೈಯಾಕೆ ನಂಗಿರಾದು ಅದೊಂದೇ ಜಾಗ. ಮನೇಲಿ ಬೈಯಂಗಿಲ್ಲ, ಬಾವಿತಾವ ಬೈಯಂಗಿಲ್ಲ. ಗುಡ್ಡ ಹತ್ತಿ ಬೈದು ಬಂದ್ಬುಟ್ರೆ ವಾರವೆಲ್ಲ ಮನೇಲಿ ಜಗಳಿಲ್ಲ. ಅದ್ನೂ ಬರ್ಕಳಿ." ಎಲ್ಲರೂ ಅವಳ ಅತ್ತೆ ಕೊಲ್ಲಾಪುರಮ್ಮನ ಕಡೆ ತಿರುಗಿದರು. ಈಗ ಆಗುತ್ತೆ ನೋಡು ರಂಪ ಅಂತ ನಾನು ಕಣ್ಣು ಮುಚ್ಚಿದೆ. ಆ ಮುದುಕಿ ನಿಧಾನವಾಗಿ ಎದ್ದು, "ಬರ್ಕಳಿ ಸ್ವಾಮಿ, ನಾನೂ ಅಲ್ಲೇ ಬೈಯಾದು" ಅಂದಳು.

ನಿಧಾನ, ನಿಧಾನ, ಅನ್ನ ಮೂಗಿಗೆ ಹೋದೀತು. ಆ ದೊರೆ ಏನಂತೆ ಅಂತ ಕೇಳಿದ. ನಾನೇನು ಹೇಳಲಿ? ಸಂಸಾರದ ಸೌಖ್ಯ ಅಂದೆ. ಅವನು ಅದನ್ನ ಬರೆಯಲಿಲ್ಲ. ಸೌದೆ, ಮೇವು, ಅಷ್ಟೇ ಬರೆದುಕೊಂಡು ಹೋದ. ನಾನು ಮಾತ್ರ ಎಲ್ಲಾ ಬರೆದಿಟ್ಟುಕೊಂಡೆ, ನೆರಳೂ ಸೇರಿ, ಬೈಗುಳವೂ ಸೇರಿ. ದಿನವೂ ಬರೆಯೋ ಅಭ್ಯಾಸ ನನಗೆ.

ಏನು? ಮೇಲೇನು ನೋಡ್ತೀಯ? ಅಟ್ಟ. ಅಟ್ಟದಲ್ಲಿ ಇಲಿ. ಈ ವರ್ಷ ಇಲಿ ಕಾಟ ಹೇಳತೀರದು. ಹೌದು, ಸ್ವಲ್ಪ ದಪ್ಪ ಇಲಿಗಳು, ರಾಗಿ ತಿಂದು ಬೆಳೆದವು. ಧೂಳು ಬಿತ್ತೆ? ತಾಳು, ಬೀಸಣಿಗೆ ಅಡ್ಡ ಹಿಡೀತೀನಿ. …ಬಳೆ ಸದ್ದಾ? ಇರಬಹುದು. ಹಳೇ ಬಳೆಗಳನ್ನ ಅಟ್ಟದ ಮೇಲೆ ಒಂದು ಮಡಕೆಯಲ್ಲಿ ಹಾಕಿಟ್ಟಿದ್ದೆ. ಇಲಿ ಅದರೊಳಗೆ ಬಿದ್ದಿರಬೇಕು. ಚಿತ್ರಾನ್ನ ಹಾಕಲೆ?

ನಿನ್ನ ಗಾರ್ಡು ತಿಪ್ಪಯ್ಯನ ಯೋಚನೆ ಬಿಡು. ಅವನಿಗೆ ಜಗಲಿಯ ಮೇಲೆ ನಿನಗಿಂತ ಮೊದಲೇ ಬಡಿಸಿ ಆಯಿತು. ಹೋಳಿಗೆ ಎಷ್ಟು ಅಂತ ಕೇಳಬೇಡ, ಅವನೂ ಎಣಿಸಿಲ್ಲ, ನಾನೂ ಎಣಿಸಿಲ್ಲ. ಕೇಳ್ತಾ ಇದೆಯಲ್ಲ ಗೊರಕೆ? ಅದೊಂದು ಇಲಿಯದಲ್ಲ.

ಆ ಗುತ್ತಿಗೆದಾರನ ವಿಷಯಕ್ಕೆ ಬರ್ತೀನಿ. ಹೆಸರು ಶಂಕರಲಿಂಗಪ್ಪ ಅಂತೆ. ತುಮಕೂರಿನಲ್ಲಿ ಇರೋನಂತೆ. ನಾನು ಕಂಡವಳಲ್ಲ. ಯಾರೋ ಏನೋ. ಓದಿದವನಂತೆ, ಬೂಟು ಹಾಕ್ತಾನಂತೆ. ಬಡ ಹೆಂಗಸರು ಕೊಯ್ದಿಟ್ಟ ಎಲೆಯ ಮೇಲೆ ಕಣ್ಣು ಹಾಕೋಕೆ ಓದಬೇಕಾಗಿತ್ತೆ? ಅವನನ್ನೂ ನಾನು ಬೈಯೋಲ್ಲ ಪರ್ವತಯ್ಯ. ಅವನ ತಾಯಿಯನ್ನ ಹಿಡಿದು ಕೇಳಬೇಕು. ಎಂಥ ಹೆಂಗಸೋ ಅವಳು! ಮಗನಿಗೆ ಅಂಗಿ ಹೊಲಿಸಿಕೊಟ್ಟಳು, ಪುಸ್ತಕ ಕೊಡಿಸಿದಳು, ಇನ್ನೊಬ್ಬರ ಎಲೆಗೆ ಕೈ ಹಾಕಬಾರದು ಅನ್ನೋ ಒಂದು ಮಾತು ಕಲಿಸಲಿಲ್ಲ. ಜಂಬದ ಮುದುಕಿಯೇ ಇರಬೇಕು. ತಾನು ಓದಿದ್ದೀನಿ ಅಂತ ಊರೆಲ್ಲ…

ಅಯ್ಯೋ, ನೆತ್ತಿಗೆ ಹತ್ತಿತೆ? ನೀರು ಕುಡಿ. ತಲೆ ತಟ್ಟಲೆ? ನಿಮ್ಮಮ್ಮ ನೆನೆಸಿಕೊಂಡಿರಬೇಕು. ಕಣ್ಣಲ್ಲಿ ನೀರು ಬಂತಲ್ಲೋ. ನಾನೇನು ನಗೋ ಮಾತಾಡಿದೆ ಈಗ?

ಆ ಫೋಟೋ ಏನು ನೋಡ್ತೀಯ, ಎಲೆ ನೋಡಿ ಊಟ ಮಾಡು. ಅದು ನನ್ನ ಮಗ. ಮನೆಯಲ್ಲಿ ಮರಿಯಪ್ಪ ಅಂತ ಕರೀತೀವಿ. ಹೌದು, ಕೋಟು ಹಾಕಿದ್ದಾನೆ. ಬೂಟು… ಬೂಟೂ ಇದೆ. ಈಗಿನ ಹುಡುಗರೆಲ್ಲ ಬೂಟು ಹಾಕ್ತಾರೆ. ನೀನು ಹಾಕಿಲ್ಲವೆ? ಹೊರಗೆ ಬಿಟ್ಟು ಬಂದೆಯಲ್ಲ. ಏನೋ ವ್ಯಾಪಾರ ಮಾಡ್ತಾನೆ. ಯಾವ ಊರು ಅಂತೀಯಾ? ನೀನೆಲ್ಲಿ ಕೇಳಿದೆ, ಮೌನದಲ್ಲಿದ್ದೀಯ. ನಾನೇ ಯಾಕೆ ಹೇಳಲಿ?

ಅರೆ! ಎಲೆ ಬಿತ್ತಲ್ಲ. ಅನ್ನದ ಪಕ್ಕಕ್ಕೇ ಬಿತ್ತು. ಒಣ ಮುತ್ತುಗದೆಲೆ… ಗಾಳಿಗೆ ಬಂದಿದೆ. ಅಟ್ಟದ ಸಂದಿಯಿಂದ ಗಾಳಿ ಬರುತ್ತೆ ನಮ್ಮ ಮನೆಯಲ್ಲಿ. ಇನ್ನೊಂದೂ ಬಿತ್ತು. ಗಾಳಿ ಜೋರಾಗಿದೆ. ಇಲಿಗಳಿಗೂ ನಗು ಬಂದಿದೆ, ಕೇಳಿದೆಯಾ? ಲೇ, ಯಾರದು ಮೇಲೆ… ಇಲಿಗಳಿಗೆ ಹೇಳಿದೆ ಕಣಪ್ಪ.

ಮಜ್ಜಿಗೆ ಕಲಸಿಕೋ. ಇನ್ನೊಂದು ಸೌಟು. ಇನ್ನೂ ಒಂದು. ನೀನೇ ಕೈ ಚಾಚಿದೆಯಲ್ಲ, ಒಳ್ಳೇದಾಯಿತು. ಬೇಗ ಬೇಗ ಉಣ್ಣಬೇಡ. …ನೀನೇನು ಬೇಗ ಉಣ್ತಿಲ್ಲ, ಅಲ್ಲವೆ? ಒಂದೊಂದು ಅಗುಳನ್ನೂ ಎಷ್ಟು ನಿಧಾನವಾಗಿ… ಇಷ್ಟು ನಿಧಾನವಾಗಿ ಉಣ್ಣೋ ಗಂಡಸನ್ನ ನಾನು ಕಂಡೇ ಇಲ್ಲ.

ಆಯಿತು. ಪಾತ್ರೆ ಬರಿದಾಯಿತು. ಬಡಿಸೋಕೆ ನನ್ನ ಹತ್ತಿರ ಇನ್ನೇನೂ ಉಳಿದಿಲ್ಲ. ತಟ್ಟೆ ಇಟ್ಟಿದ್ದೀನಿ, ಹಿತ್ತಲಿಗೆ ಹೋಗೋದು ಬೇಡ, ಇಲ್ಲೇ ಕೈ ತೊಳಿ. ಇಗೋ ಚೆಂಬು, ನೀರು ಹಾಕ್ತೀನಿ, ಕೈ ಹಿಡಿ.

ಹಿಡಿಯಪ್ಪ.

ಯಾಕೆ ಹಿಡೀತಿಲ್ಲ? ಎಲೆ ಬರಿದಾಗಿದೆ, ಒಂದು ಅಗುಳಿಲ್ಲ. ಕೈ ಒಣಗ್ತಾ ಇದೆ. ಕೈ ತೊಳೆದರೆ ಮಾತಾಡಬಹುದು ನೀನು. ಆಗಿನಿಂದ ಎಷ್ಟು ಮಾತು ಕೂಡಿಟ್ಟುಕೊಂಡಿದ್ದೀಯೋ… ಹಾಗೆ ಕೂರಬೇಡ ಪರ್ವತಯ್ಯ. ಮತ್ತೆ ಆ ಫೋಟೋ ನೋಡ್ತೀಯಲ್ಲ. ಅಟ್ಟ ನೋಡು ಬೇಕಾದರೆ, ಫೋಟೋ ನೋಡಬೇಡ.

…ಓ. ಕರಾರಿನಲ್ಲಿ ತಂದೆಯ ಹೆಸರೂ ಬರೆಸ್ತೀರಿ, ಅಲ್ಲವೆ. ಶಂಕರಲಿಂಗಪ್ಪ ಬಿನ್ ನಾಗಲಿಂಗಯ್ಯ. ಅದಕ್ಕೇ ಹಲಗೆ ಮುಂದೆ ನಿಂತಿದ್ದೆ ನೀನು. ಹೊಸ್ತಿಲು ದಾಟೋಕೆ ಮುಂಚೆಯೇ ಗೊತ್ತಿತ್ತು. ಗೊತ್ತಿದ್ದೂ ಬಂದು ಕೂತೆ. ಗೊತ್ತಿದ್ದೂ, ಅವನ ತಾಯಿಗೆ ನಾನು ಬೈಯೋದನ್ನ…

ನಾನೇ ಪರ್ವತಯ್ಯ. ಆ ಜಂಬದ ಮುದುಕಿ ನಾನೇ. ಹರಾಜು ಕೂಗಿದ್ದನ್ನ ನನಗೊಂದು ಮಾತು ಹೇಳಲಿಲ್ಲ ಅವನು. ನಿನ್ನೆ ತಮಟೆ ಹೊಡೆಯೋನ ಬಾಯಲ್ಲಿ ನನ್ನ ಮಗನ ಹೆಸರು ಕೇಳಿದೆ. ಮುದ್ದಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ನನ್ನ ಕೈಯಲ್ಲಿದ್ದ ಕೊಡ ಇಸಕೊಂಡು ಮನೆವರೆಗೂ ಹೊತ್ತು ತಂದಳು, ಅಷ್ಟೇ. ಬೈದಿದ್ದರೆ ತಡಕೋಬಹುದಿತ್ತು. ಸಂಜೆಗೆ ನಾನೇ ಅವಳ ಮನೆಗೆ ಹೋಗಿ ಹೇಳಿದೆ, ನಾಳೆ ರೇಂಜರ್ ಊಟಕ್ಕೆ ಕೂತಿರುವಾಗ ಗವಿ ಖಾಲಿ ಮಾಡಿ, ಹಿತ್ತಲ ಏಣಿಯಿಂದ ನನ್ನ ಅಟ್ಟಕ್ಕೆ ಸಾಗಿಸಿ ಅಂತ. ಕೇಸು ಬರೆಯೋದಾದರೆ ನನ್ನ ಹೆಸರು ಬರಿ. ಅವರ ಯಾರ ಹೆಸರೂ ಬೇಡ. ನಿಮ್ಮಮ್ಮನಿಗೆ ಮಾತ್ರ ಬರೆಯಬೇಡ… ಇಲ್ಲ, ಬರಿ. ಅವಳಿಗೂ ತಿಳೀಲಿ. ಏನಾದರೂ ಹೇಳು. ಕೈ ತೊಳಿ, ಹೇಳು.

ಯಾರದು? ಮುದ್ದಕ್ಕಾ, ಅಟ್ಟದಿಂದ ತಲೆ ಹಾಕಬೇಡ ಅಂದಿರಲಿಲ್ಲವೆ ನಾನು? ಏನು? ಗಟ್ಟಿಯಾಗಿ ಹೇಳು, ಇನ್ನು ಮುಚ್ಚಿ ಏನು… "ಆಯ್ತು ಕಣಮ್ಮ, ಕೊನೇ ಹೊರೆನೂ ಬಂದ್ಬುಡ್ತು" ಅಂತೀಯಾ? ಸರಿ. ಕೇಳಿಸಿತು. ಸಾಹೇಬರಿಗೂ ಕೇಳಿಸಿತು.

…ಪರ್ವತಯ್ಯ? ಈಗ ಕೈ ಚಾಚಿದೆ.

ಇಷ್ಟಕ್ಕೇ ಕಾದು ಕೂತಿದ್ದೆಯಾ? ಒಣಗಿದ ಕೈ ಇಟ್ಟುಕೊಂಡು? ಕೊನೇ ಹೊರೆ ಬರಲಿ ಅಂತ? ಮೂರು ಸೌಟು ಮಜ್ಜಿಗೆಯೂ ಅದಕ್ಕೇನಾ?

ಹಿಡಿ, ಹಿಡಿ, ನೀರು ಹಾಕ್ತೀನಿ. ಅಳ್ತಿಲ್ಲ ನಾನು, ನಗು ಇದು. ಮರಿಯಪ್ಪ ಬರಲಿ. ಅವನಿಗೂ ಮುದ್ದಕ್ಕ ಹಚ್ಚಿದ ಎಲೆಯಲ್ಲೇ ಬಡಿಸ್ತೀನಿ. ಎಲೆ ಬಿಟ್ಟು ಏಳೋಕೆ ಬಿಡಲ್ಲ, ಅವನು ಮೌನ ಇಲ್ಲದೆ ಉಣ್ಣೋನು, ಉತ್ತರ ಹೇಳಿಯೇ ಏಳಬೇಕು. ಇವತ್ತಿನ ಪುಟದಲ್ಲಿ ನಾನು ಬರೆಯೋದು ಒಂದೇ ಸಾಲು, ಇಂದ್ರಮ್ಮನ ಮಗ ಬಂದಿದ್ದ, ಹೊಟ್ಟೆ ತುಂಬ ಉಂಡ.

ಇಗೋ ವಸ್ತ್ರ, ಕೈ ಒರೆಸಿಕೊಳ್ಳಿ. ಬನ್ನಿ ರೇಂಜರ್ ಸಾಹೇಬರೆ, ತಿಪ್ಪಯ್ಯನನ್ನ ಎಬ್ಬಿಸಿ, ಹೊತ್ತಾಗುತ್ತೆ. ಗುಡ್ಡಕ್ಕೆ ದಾರಿ ನಾನೇ ತೋರಿಸ್ತೀನಿ. ಗವಿಯಲ್ಲಿ ಇರೋದನ್ನೆಲ್ಲ ಸರಿಯಾಗಿ ನೋಡಿ, ಒಂದೂ ಬಿಡದೆ ಮುದ್ರೆ ಹಾಕಿ.