ಮೊದಲ ಗಾಯದ ಪಾಲು

ಆ ಟಿವಿ ಆಫ್ ಮಾಡಿ ಸ್ವಲ್ಪ. ಮಕ್ಕಳು ಮಲಗಿದ್ರಾ ಅಂತ ಒಂದ್ಸಲ ನೋಡ್ಕೊಂಡು ಬನ್ನಿ.

ಇದು ಅವರಿವರು ಹೇಳಿದ್ದಲ್ಲ. ಜರ್ಮನ್‌ಟೌನ್‌ನಲ್ಲಿ ನಮ್ಮ ಮನೆಗೂ ಪಕ್ಕದವರ ಮನೆಗೂ ಮಧ್ಯೆ ಇರೋದು ಒಂದೇ ಗೋಡೆ. ಆ ಗೋಡೆಯ ಆಚೆ ಆಗಿದ್ದು.

ಅವಳ ಹೆಸರು ಪ್ರತಿಭಾ. ಖಾನಾಪುರದ ಕಡೆಯವಳು, ಇಲ್ಲೇ ಒಂದು ಲ್ಯಾಬ್‌ನಲ್ಲಿ ಕೆಲಸ. ಗಟ್ಟಿ ಹೆಣ್ಣು, ರಕ್ತ ನೋಡಿ ಮುಖ ತಿರುಗಿಸೋಳಲ್ಲ. ಎರಡು ವರ್ಷದ ಹಿಂದೆ, ನವೆಂಬರ್‌ನಲ್ಲಿ, ಇಲ್ಲಿ ಚಳಿಗಾಲಕ್ಕೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕ್ತಾರಲ್ಲ, ಆ ವಾರ. ಸಂಜೆ ಆಗೋ ಮುಂಚೆ ಕತ್ತಲೆ. ಬಸ್ ಇಳಿದು ನಡ್ಕೊಂಡು ಬರ್ತಿದ್ದಾಳೆ. ಮನೆಗಳ ಹಿಂದೆ ಒಂದು ಕೊಳ ಇದೆಯಲ್ಲ, ಮಳೆನೀರು ನಿಲ್ಲಲಿ ಅಂತ ತೋಡಿರೋದು, ಅದರ ಪಕ್ಕದ ದಾರಿ. ದಿನಾ ಅಲ್ಲಿ ಬಾತುಗಳು ಗಲಾಟೆ ಮಾಡ್ತಿರ್ತವೆ. ಅವತ್ತು ಒಂದೂ ಉಸಿರೆತ್ತಿಲ್ಲ.

ಆಗ ಕೇಳಿಸ್ತು.

ಠಕ್...

ನಿಂತ್ಲು.

ಠಕ್... ಚರ್ಕ್.

ಮರ ಕಡಿಯೋ ಸದ್ದಲ್ಲ ಅದು. ಮರಕ್ಕೆ ಕೊಡಲಿ ಬಿದ್ರೆ ಸದ್ದು ಒಣಗಿರುತ್ತೆ. ಇದು ಒದ್ದೆ. ಮಾಂಸ ಸೀಳ್ಕೊಂಡು ಹೋಗಿ ಮೂಳೆಗೆ ತಾಗಿ, ಆಮೇಲೆ ಕೊಡಲೀನ ಎಳೆದು ಬಿಡಿಸ್ಕೊಳ್ಳೋ ಸದ್ದು. ಪ್ರತಿಭಾಗೆ ಗುರುತು ಸಿಕ್ತು. ಈ ಸದ್ದನ್ನ ಅವಳು ಮುಂಚೆ ಕೇಳಿದ್ಲು. ದೂರದ ಉತ್ತರದಲ್ಲಿ, ಮೇನ್ ರಾಜ್ಯದ ಕಾಡಲ್ಲಿ, ಅದಕ್ಕೂ ಒಂದು ತಿಂಗಳ ಮುಂಚೆ.

ಈಗ ಅದು ಅವಳ ಮನೆಯ ಗರಾಜಿಂದ ಬರ್ತಿತ್ತು. ಮನೇಲಿ ಅಪ್ಪ ಒಬ್ಬರೇ.

ಕಾಡಲ್ಲಿ ಏನಾಯ್ತು ಅಂತ ಮೊದಲು ಹೇಳಿಬಿಡ್ತೀನಿ.

ಅವಳ ತಂದೆ ಅಣ್ಣಾಸಾಹೇಬರು. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದೋರು. ಪ್ರಾಯದಲ್ಲಿ ಊರಿನವರ ಜೊತೆ ಕಬ್ಬಿನ ಗದ್ದೆಗೆ ನುಗ್ಗೋ ಹಂದಿ ಹೊಡೀತಿದ್ರಂತೆ. ಹೆಂಡತಿ ತೀರ್ಕೊಂಡ ಮೇಲೆ ಮಗಳು ಇಲ್ಲಿಗೆ ಕರೆಸ್ಕೊಂಡ್ಲು. ಬಂದೋರು ಕಿಟಕಿ ಪಕ್ಕ ಕೂತುಬಿಟ್ರು. ಮಾತಿಲ್ಲ, ಊಟ ಅರ್ಧ. ಮಗಳಿಗೆ ತಡೆಯೋಕಾಗ್ಲಿಲ್ಲ. ಶಿಕಾರಿ ಅಂದ್ರೆ ಅಪ್ಪನ ಕಣ್ಣು ಹೊಳೆಯುತ್ತೆ ಅಂತ ಅವಳಿಗೆ ಗೊತ್ತು. ಇಬ್ಬರೂ ಕ್ಲಾಸಿಗೆ ಹೋಗಿ ಲೈಸೆನ್ಸ್ ಮಾಡಿಸ್ಕೊಂಡ್ರು, ಬಂದೂಕು ತಗೊಂಡ್ರು. ಮೇನ್‌ನಲ್ಲಿ ಮೂಸ್ ಹೊಡೆಯೋಕೆ ಲಾಟರಿ ಎತ್ತಿ ಪರ್ಮಿಟ್ ಕೊಡ್ತಾರೆ. ಅವಳ ಹೆಸರು ಬಂತು.

ಮೂಸ್ ಅಂದ್ರೆ ನಮ್ಮ ಕಡವೆಗೆ ದೊಡ್ಡಪ್ಪ ಇದ್ದ ಹಾಗೆ. ಕುದುರೆಗಿಂತ ಎತ್ತರ. ಗಂಡಿಗೆ ಮೊರದಂಥ ಅಗಲವಾದ ಕೊಂಬು.

ದಾರಿ ತೋರಿಸೋಕೆ ನಾರ್ಮನ್ ಅಂತ ಅಲ್ಲಿಯವನೇ ಒಬ್ಬ ಬಂದಿದ್ದ. ಮೊದಲೆರಡು ದಿನ ಏನೂ ಸಿಗ್ಲಿಲ್ಲ. ಆಮೇಲೊಂದು ಬೆಳಗ್ಗೆ, ಜೌಗಿನ ಅಂಚಲ್ಲಿ, ಮಂಜು ಇನ್ನೂ ನೀರಿನ ಮೇಲೇ ಕೂತಿರೋವಾಗ, ನಾರ್ಮನ್ ಮರದ ತೊಗಟೆ ಸುತ್ತಿ ಮಾಡಿದ ಕೊಳವೆಯನ್ನ ಅಣ್ಣಾಸಾಹೇಬರ ಕೈಗೆ ಕೊಟ್ಟ. ಹೆಣ್ಣು ಮೂಸ್ ಥರ ಕೂಗ್ಬೇಕು, ಗಂಡು ಬರುತ್ತೆ.

ಅವರು ಕೂಗಿದ್ರು. ಊಂ... ಆಂ...

ಕಾದ್ರು.

ಆಚೆ ದಡದಿಂದ ಉತ್ತರ ಬಂತು. ಠಕ್.

"ಯಾರೋ ಕಡಿಯಾಕತ್ತಾರ," ಅಂದ್ರು ಅಪ್ಪ, ಪಿಸುಮಾತಲ್ಲಿ.

ನಾರ್ಮನ್ ತಲೆ ಅಲ್ಲಾಡಿಸಿದ. ಈ ಕಡೆ ಮರ ಕಡಿಯೋದು ಅವನ ಅಜ್ಜನ ಕಾಲಕ್ಕೇ ನಿಂತುಹೋಯ್ತಂತೆ.

ಠಕ್... ಚರ್ಕ್. ಅದರ ಹಿಂದೆಯೇ ಒಂದು ಅಬ್ಬರ. ಗಿಡಗಂಟಿ ಮುರ್ಕೊಂಡು, ನೀರು ಚಿಮ್ಮಿಸ್ಕೊಂಡು ಗಂಡು ಮೂಸ್ ಓಡಿ ಬಂತು. ಹೆಣ್ಣನ್ನ ಹುಡುಕೋ ನಡಿಗೆ ಅಲ್ಲ ಅದು. ಬೆನ್ನಟ್ಟಿಸ್ಕೊಂಡು ಬಂದಿದ್ದು. ಕಣ್ಣು ಬೆಳ್ಳಗೆ, ಬಾಯಲ್ಲಿ ನೊರೆ.

ಪ್ರತಿಭಾ ಗುಂಡು ಹಾರಿಸಿದ್ಲು. ಎದೆಗೇ ಬಿತ್ತು. ಮೂಸ್ ನಿಲ್ಲಲಿಲ್ಲ. ನೇರ ಅವರ ಮೇಲೇ ನುಗ್ತು. ಮುಂಗಾಲಲ್ಲಿ ನಾರ್ಮನ್‌ನ ಒದ್ದು ಬೀಳಿಸಿ ತುಳೀತು... ಅವನ ಪಕ್ಕೆಲುಬು ಮುರಿದಿದ್ದು ಹಸಿ ಸೌದೆ ಮುರಿದಂಗೆ ಕೇಳಿಸ್ತಂತೆ. ಇನ್ನೊಂದ್ಸಲ ತುಳಿಯೋಕೆ ಕಾಲೆತ್ತಿದಾಗ ಅಣ್ಣಾಸಾಹೇಬರು ಹತ್ತಿರ ಓಡಿಹೋಗಿ, ಕುತ್ತಿಗೆಗೆ ನಳಿಗೆ ತಾಗೋ ಅಷ್ಟು ಸಮೀಪದಿಂದ ಹೊಡೆದ್ರು. ರಕ್ತ ಅವರ ಕನ್ನಡಕದ ಮೇಲೆ ಹಾರ್ತು. ಅಷ್ಟು ದೊಡ್ಡ ಮೈ ಮಂಡಿಯೂರಿ, ಉಸಿರು ಬಿಟ್ಟು, ಮಗ್ಗುಲಾಯ್ತು.

ನಾರ್ಮನ್ ರೇಡಿಯೋದಲ್ಲಿ ಅವನ ಕಡೆಯವರನ್ನ ಕರೆದ. ಅವರು ಬರೋದ್ರೊಳಗೆ ಅಪ್ಪ ಮಗಳು ಪ್ರಾಣಿಯ ಸುತ್ತ ಒಂದು ಸುತ್ತು ಬಂದ್ರು. ಹಿಂದಿನ ತೊಡೆಯಲ್ಲಿ ಇನ್ನೊಂದು ಗಾಯ. ಅಂಗೈ ಅಗಲ, ಮೂಳೆವರೆಗೂ ಇಳಿದಿದೆ. ರಕ್ತ ಇನ್ನೂ ಬಿಸಿ. ಗುಂಡಿನದ್ದಲ್ಲ, ಕೊಡಲಿಯದ್ದು.

ಅಣ್ಣಾಸಾಹೇಬರು ಬಂದೂಕು ಕೆಳಗಿಟ್ರು. "ಪ್ರತೀ, ಮೊದಲ ಗಾಯ ನಮ್ಮದಲ್ಲ. ಶಿಕಾರಿಯೊಳಗ ಮೊದಲ ಗಾಯ ಯಾರ್ದೋ, ತಲಿ ಅವರ್ದು. ತಲಿ ಇಲ್ಲೇ ಬಿಡೂಣು."

"ಯಾರಿಗೆ ಬಿಡೂದು, ಅಪ್ಪಾ? ಇಲ್ಲಿ ಯಾರದಾರ?"

ಅವರು ಆಚೆ ದಡ ನೋಡಿದ್ರು.

ವಿಚಿತ್ರ ಅಂದ್ರೆ ನೆಲದ ಮೇಲೆ ಬಿದ್ದಿದ್ದ ನಾರ್ಮನ್ ಕೂಡ, ಕನ್ನಡ ಒಂದಕ್ಷರ ಬರದವನು, ಅದನ್ನೇ ಹೇಳಿದ. ತಲೆ ಬಿಟ್ಟು ಹೋಗಿ ಅಂತ. ಯಾಕೆ ಅಂತ ಕೇಳಿದ್ರೆ ಆಚೆ ದಡದ ಕಡೆ ಬೆರಳು ಮಾಡಿದ. ಪ್ರತಿಭಾ ಒಪ್ಪಲಿಲ್ಲ. ಅಪ್ಪ ಇಷ್ಟು ವರ್ಷದಲ್ಲಿ ಮೊದಲ ಸಲ ಎದ್ದು ನಿಂತು ಗೆದ್ದಿದ್ದರ ಗುರುತು ಆ ಕೊಂಬು. ಅದನ್ನ ಗೋಡೆಗೆ ಹಾಕ್ಬೇಕು ಅವಳಿಗೆ. ಮಾಂಸ ಐಸಲ್ಲಿ ಹಾಕಿಸಿದ್ಲು. ತಲೆಬುರುಡೆ ಕೆರೆಸಿ, ಕೊಂಬು ಸಮೇತ ಟಾರ್ಪಾಲಿನಲ್ಲಿ ಸುತ್ತಿಸಿ, ಮನೆಗೆ ತಂದ್ಲು. ಗರಾಜಲ್ಲಿ ಇಟ್ಲು, ಮಾಂಸ ಅಲ್ಲೇ ಇದ್ದ ಫ್ರೀಜರಿಗೆ ಹಾಕಿದ್ಲು.

ಈಗ ಆ ಸಂಜೆಗೆ ಬರೋಣ.

ಓಡಿ ಬಂದ್ಲು. ಗರಾಜ್ ಬಾಗಿಲು ಮಂಡಿ ಎತ್ತರಕ್ಕೆ ಎತ್ತಿ ನಿಂತಿತ್ತು. ಬಗ್ಗಿ ಒಳಗೆ ನುಗ್ಗಿದ್ಲು. ಲೈಟಿಲ್ಲ, ಬಾಗಿಲ ಕೆಳಗಿಂದ ಬರೋ ಬೀದಿದೀಪದ ಬೆಳಕಷ್ಟೇ. ಕೊಳೆತ ಎಲೆ ವಾಸನೆ, ಮರದ ಅಂಟಿನ ವಾಸನೆ. ಕಾಲ ಕೆಳಗೆ ನೀರು.

ಠಕ್.

ಫ್ರೀಜರ್ ಮುಂದೆ ಒಬ್ಬ ಬೆನ್ನು ಹಾಕಿ ನಿಂತಿದ್ದ. ಒದ್ದೆ ಉಣ್ಣೆ ಅಂಗಿ, ಅದರಿಂದ ನೀರು ತೊಟ್ಟಿಕ್ತಿದೆ. ತೊಟ್... ತೊಟ್... ಕೊಡಲಿ ಎತ್ತಿದ. ಕೆಳಗೆ ಅವಳ ಅಪ್ಪ. ಅವರ ಎಡಗೈಯನ್ನ ಫ್ರೀಜರ್ ಮುಚ್ಚಳದ ಮೇಲೆ ಒತ್ತಿ ಹಿಡಿದಿದ್ದಾನೆ, ಕಟುಕ ಮೇಕೆ ಕಾಲು ಹಿಡಿದಂಗೆ. ಎರಡು ಬೆರಳು ಆಗಲೇ ಬೇರೆಯಾಗಿ ಬಿದ್ದಿದ್ವು.

ಅಪ್ಪ ಕಿರುಚ್ತಿರಲಿಲ್ಲ. ಹಲ್ಲು ಕಚ್ಕೊಂಡು ಬಲಗೈಯಲ್ಲಿ ಅವನ ಮೊಣಕಾಲಿಗೆ ಸುತ್ತಿಗೆಯಿಂದ ಹೊಡೀತಾನೇ ಇದ್ರು. ಧಪ್. ಧಪ್. ಒದ್ದೆ ಗೋಣಿಚೀಲಕ್ಕೆ ಹೊಡೆದಂಗೆ.

ಪ್ರತಿಭಾ ಗೋಡೆಗೆ ಒರಗಿಸಿದ್ದ ಹಿಮ ಎತ್ತೋ ಸಲಿಕೆ ತಗೊಂಡು ಅವನ ಕತ್ತಿಗೆ ಬೀಸಿದ್ಲು. ಅಂಚು ಒಳಗೆ ಇಳೀತು. ರಕ್ತ ಬರ್ಲಿಲ್ಲ, ಕಪ್ಪು ನೀರು ಬಂತು. ಅವನು ತಿರುಗಿದ.

ಹಣೆಯಿಂದ ಗಲ್ಲದವರೆಗೆ ಮುಖ ಸೀಳಿಹೋಗಿತ್ತು. ಯಾರೋ ಯಾವಾಗಲೋ ಅವನಿಗೂ ಕೊಡಲಿ ಹಾಕಿದ್ರು. ಎರಡು ಅರ್ಧಗಳೂ ಬೇರೆಬೇರೆಯಾಗಿ ಉಸಿರಾಡ್ತಿದ್ವು. ಹುಸ್... ಹುಸ್...

ಕೊಡಲಿ ಅವಳ ಕಡೆ ಎತ್ತಿದ. ಅವಳು ಸಲಿಕೆ ಅಡ್ಡ ಹಿಡಿದ್ಲು. ಒಂದೇ ಏಟಿಗೆ ಹಿಡಿ ಎರಡು ತುಂಡು. ಭುಜದ ಚರ್ಮ ಹರೀತು. ಗೋಡೆಗೆ ಹೋಗಿ ಬಡಿದುಕೊಂಡ್ಲು. ನಮ್ಮ ಕಡೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದಿದ್ದು ಆಗಲೇ. ನನ್ನ ಹೆಂಡತಿ ಎತ್ತಿಡೋಕೆ ಹೋದ್ಲು.

"ಪ್ರತೀ," ಅಂದ್ರು ಅಪ್ಪ ನೆಲದಿಂದ, ಮೆಲ್ಲಗೆ. "ಹೊಡೀಬ್ಯಾಡ ಇನ್ನ. ಅವನ ಪಾಲು ಅವಗ ಕೊಡತೀನಂತ ಹೇಳು."

"ನೀವಽ ಹೇಳ್ರಿ, ಅಪ್ಪಾ."

"ನನ್ನ ಮಾತು ಅವಗ ಬ್ಯಾಡಾಗೇತಿ. ತಂದಾಕಿ ನೀನು."

ಕೊಡಲಿ ಅವಳ ತಲೆ ಮೇಲಿತ್ತು. ಅವಳಿಗೆ ಇಂಗ್ಲಿಷ್ ಬಾಯಿಗೆ ಬರ್ಲಿಲ್ಲ. ಹುಟ್ಟಿದ ಊರಿನ ಮಾತಲ್ಲೇ ಹೇಳಿದ್ಲು. "ತಲಿ ನಿಂದು. ನಾನಽ ನಿನ್ನ ಜಾಗಕ್ಕ ತಂದು ಒಪ್ಪಸ್ತೀನಿ."

ಎರಡು ಅರ್ಧಗಳೂ ಒಂದು ಕ್ಷಣ ಉಸಿರು ನಿಲ್ಲಿಸಿದ್ವು.

ಆಮೇಲೆ ಗರಾಜಲ್ಲಿ ಅಪ್ಪ ಮಗಳು ಇಬ್ಬರೇ. ನೆಲದ ಮೇಲೆ ಕಪ್ಪು ನೀರು, ರಕ್ತ.

ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ನಾನೇ. ಬೆರಳು ಕೂಡಿಸೋಕಾಗ್ಲಿಲ್ಲ. ಮಾಂಸ ಕೊಚ್ಚೋವಾಗ ಆಯ್ತು ಅಂತ ಅಪ್ಪ ಮಗಳು ಡಾಕ್ಟರಿಗೆ ಹೇಳಿದ್ರು. ಮಾತು ಕೊಟ್ಟಾಗಿದೆ, ತಡ ಮಾಡಬಾರದು ಅಂತ ಅಣ್ಣಾಸಾಹೇಬರು ಬ್ಯಾಂಡೇಜ್ ಕೈಯಲ್ಲೇ ಮಾರನೇ ದಿನ ಹೊರಡಿಸಿದ್ರು. ಹಿಂದಿನ ಡಿಕ್ಕಿಯಲ್ಲಿ ಟಾರ್ಪಾಲು ಸುತ್ತಿದ ಬುರುಡೆ, ಕೊಂಬು. ಪ್ರತಿಭಾ ಡ್ರೈವ್ ಮಾಡ್ತಿದ್ಲು, ಅಪ್ಪ ಪಕ್ಕದಲ್ಲಿ. ಹಿಂದಿನ ಸೀಟು ಖಾಲಿ.

ನ್ಯೂಜೆರ್ಸಿ ದಾಟಿದ ಮೇಲೆ ಕಾರು ಬಡ್ಕೊಳ್ಳೋಕೆ ಶುರುಮಾಡ್ತು. ಟಿಣ್... ಟಿಣ್... ಟಿಣ್... ಹಿಂದೆ ಕೂತಿರೋರು ಸೀಟ್ ಬೆಲ್ಟ್ ಹಾಕಿಲ್ಲ ಅಂತ.

ಕನ್ನಡೀಲಿ ನೋಡಿದ್ಲು. ಯಾರೂ ಇಲ್ಲ. ಆದ್ರೆ ಸೀಟಿನ ಮೆತ್ತೆ ತಗ್ಗಾಗಿದೆ. ಬಟ್ಟೆ ನಿಧಾನಕ್ಕೆ ಒದ್ದೆ ಆಗ್ತಿದೆ.

"ಅಪ್ಪಾ..."

"ಕಂಡೈತಿ. ಗಾಡಿ ಬದೀಗಿ ಹಾಕು. ಅವಗ ಬೆಲ್ಟ್ ಹಾಕು."

ರಸ್ತೆ ಪಕ್ಕ ನಿಲ್ಲಿಸಿ, ಇಳಿದು, ಹಿಂದಿನ ಬಾಗಿಲು ತೆಗೆದ್ಲು. ಬೆಲ್ಟ್ ಎಳೆದ್ಲು. ಏನೋ ಒಂದು ಮೈಯನ್ನ ಬಳಸ್ಕೊಂಡು ಹೋದಂಗೆ ಅದು ಗಾಳಿಯಲ್ಲಿ ಉಬ್ಬಿ ನಿಲ್ತು. ಕ್ಲಿಕ್. ಸದ್ದು ನಿಂತಿತು. ರಾತ್ರಿಯೆಲ್ಲಾ ಓಡಿಸಿ ಮೇನ್ ಮುಟ್ಟಿಸಿದ್ಲು.

ಜೌಗಿನ ಹತ್ತಿರ ಇಂಜಿನ್ ಆಫ್ ಮಾಡಿದ ಕೂಡ್ಲೇ ಬೆಲ್ಟ್ ತಾನೇ ಬಿಚ್ಚಿಕೊಳ್ತು.

ಹಗಲೇ. ಬಿಸಿಲಿತ್ತು. ಇಬ್ಬರೂ ಕೊಂಬಿನ ಒಂದೊಂದು ಬದಿ ಹಿಡ್ಕೊಂಡು, ಮೂಸ್ ಬಿದ್ದಿದ್ದ ಜಾಗಕ್ಕೆ ನಡೆದ್ರು. ನೀರಿನ ಅಂಚಲ್ಲಿ ಇಟ್ರು. ಅಣ್ಣಾಸಾಹೇಬರು, "ತಗೋಪ್ಪಾ. ನಿಂದು ನಿನಗ ಮುಟ್ತು," ಅಂದ್ರು.

ನೀರು ಅಲುಗಾಡಲಿಲ್ಲ. ಪ್ರತಿಭಾ ತಿರುಗೋಕೆ ಹೋದ್ಲು. ಅವಳ ಜಾಕೆಟ್ಟಿನ ತೋಳು ಕೊಂಬಿನ ಒಂದು ಮೊನೆಗೆ ಸಿಕ್ಕಿಕೊಂಡಿತ್ತು.

ಅಷ್ಟರಲ್ಲಿ ಕೊಂಬು ಜಾರಿತು. ನೀರೊಳಗಿಂದ ಯಾರೋ ಎಳೆದ ಹಾಗೆ, ಜಗ್ಗಿ ಜಗ್ಗಿ. ಅವಳು ಬೋರಲು ಬಿದ್ಲು. ಮೊಣಕೈ ಮುಳುಗ್ತು. ಭುಜ. ಕೆಸರು ಬಾಯಿಗೆ ಬಂತು. ಅಪ್ಪ ಅವಳ ಕಾಲ ಮೇಲೆ ಮೈ ಹಾಕಿ, ಮೂರೇ ಬೆರಳಿನ ಕೈಯಲ್ಲಿ ಅವಳ ಸೊಂಟದ ಬೆಲ್ಟ್ ಹಿಡಿದು, ಇನ್ನೊಂದು ಕೈಯಲ್ಲಿ ಚಾಕು ತೆಗೆದ್ರು. ಜಾಕೆಟ್ಟಿನ ತೋಳು ಕುಯ್ಯೋಕೆ ಹೋದ್ರೆ ನೀರೊಳಗೆ ಬಟ್ಟೆ ಯಾವುದು ಚರ್ಮ ಯಾವುದು ಗೊತ್ತಾಗ್ತಿಲ್ಲ. ಹೊಲಿಗೆ ಹಾಕಿದ್ದ ಅವರ ಗಾಯ ಬಿಚ್ಚಿಕೊಂಡು ರಕ್ತ ಅವಳ ಬೆನ್ನ ಮೇಲೆ ಸುರೀತಿದೆ.

"ಕೈ ಹೋದ್ರ ಹೋಗ್ಲಿ, ಕೊಯ್ರಿ," ಅಂದ್ಲು.

ಕಣ್ಣು ಮುಚ್ಕೊಂಡು ಕುಯ್ದ್ರು. ಚರ್ರ್ ಅಂತ ಹರೀತು. ಇಬ್ಬರೂ ಹಿಂದಕ್ಕೆ ಬಿದ್ರು. ಕೊಂಬು ನೀರೊಳಗೆ ಇಳಿದು ಹೋಯ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಅವಳಿಗೆ ಒಂದು ಉದ್ದ ಗಾಯ. ಅಪ್ಪನ ಚಾಕುವಿನದ್ದು. ಈಗಲೂ ಬೇಸಿಗೆಯಲ್ಲಿ ಗಿಡ್ಡ ತೋಳು ಹಾಕಿದ್ರೆ ಕಾಣುತ್ತೆ.

ಗುಳ್ಳೆ ಎದ್ವು. ನಿಂತ್ವು.

ಬಹಳ ಹೊತ್ತು ಅಲ್ಲೇ ಕೂತಿದ್ರಂತೆ, ಇಬ್ಬರೂ ಕೆಸರು, ಇಬ್ಬರೂ ರಕ್ತ. ಆಮೇಲೆ ಅಣ್ಣಾಸಾಹೇಬರು ಹೇಳಿದ್ರಂತೆ, "ಹಸಿವಾಗೇತಿ, ಯವ್ವಾ." ಹೆಂಡತಿ ಹೋದ ಮೇಲೆ ಅವರು ಬಾಯಿಬಿಟ್ಟು ಹಸಿವು ಅಂದಿದ್ದು ಅದೇ ಮೊದಲು. ಅವಳು ಅಲ್ಲೇ ಅತ್ಲು.

ಮನೆಗೆ ಬಂದ್ರು. ಆಮೇಲೆ ಗರಾಜಲ್ಲಿ ಸದ್ದಿಲ್ಲ. ಗೋಡೆ ಈಚೆ ನಾವಿದ್ದೀವಿ, ನಮಗೂ ಏನೂ ಕೇಳಿಸಿಲ್ಲ. ಅಣ್ಣಾಸಾಹೇಬರು ಚೆನ್ನಾಗಿದ್ದಾರೆ, ಮೂರು ಬೆರಳಲ್ಲೇ ರೊಟ್ಟಿ ಬಡೀತಾರೆ.

ಆ ಮಾಂಸ ಉಳಿದಿತ್ತಲ್ಲ. ತಲೆ ಅವನದ್ದು, ಮಾಂಸ ನಮ್ಮದು ಅಂತ ಅಣ್ಣಾಸಾಹೇಬರು ಎಸೆಯೋಕೆ ಬಿಡ್ಲಿಲ್ಲ. ಒಂದು ಭಾನುವಾರ ನಮ್ಮನ್ನೂ ಊಟಕ್ಕೆ ಕರೆದ್ರು. ಮಸಾಲೆ ಎಲ್ಲಾ ಸರಿಯಾಗಿ ಹಾಕಿದ್ಲು ಪ್ರತಿಭಾ, ಬಣ್ಣ ನೋಡಿದ್ರೆ ಬಾಯಲ್ಲಿ ನೀರು. ನಾನು ಒಂದು ತುತ್ತು ತಿಂದೆ. ಉಪ್ಪಿಲ್ಲ. ಮರೆತಿರಬೇಕು ಅಂತ ಒಂದು ಚಿಟಿಕೆ ಹಾಕ್ಕೊಂಡೆ. ಇಲ್ಲ. ಒಂದು ಚಮಚ ಹಾಕ್ಕೊಂಡೆ. ಇಲ್ಲ. ಕೊನೆಗೆ ನನ್ನ ಹೆಂಡತಿ ಡಬ್ಬಿನೇ ಬೋರಲು ಹಾಕಿದ್ಲು. ಬೆರಳಿಗೆ ಅಂಟಿದ ಉಪ್ಪು ನೆಕ್ಕಿದ್ರೆ ಉಪ್ಪುಪ್ಪು. ಅದೇ ಬೆರಳಲ್ಲಿ ಆ ತುಂಡು ಎತ್ತಿ ಬಾಯಿಗಿಟ್ರೆ, ಸಪ್ಪೆ.

ದೆವ್ವ ಮುಟ್ಟಿದ್ದಕ್ಕೆ ಉಪ್ಪು ಹತ್ತಲ್ಲ ಅಂತಾರಲ್ಲ, ಇದೇ ಇರ್ಬೇಕು. ನಗೋರು ನಗಿ. ಇನ್ನೂ ಒಂದಷ್ಟು ಪ್ಯಾಕೆಟ್ ಅವರ ಫ್ರೀಜರಲ್ಲಿದೆ. ಉಪ್ಪು ನೀವೇ ತನ್ನಿ.